ಮೂರು ಸಲ ಕಂಡ ಅಪ್ಪ

“ಗುರುಗಳೇ, ಒಂದು ವಸ್ತು ಮನಸ್ಸಿನಲ್ಲಿ ನಿಲ್ಲಬೇಕಾದರೆ ಅದನ್ನು ಎಷ್ಟು ಸಲ ತೋರಿಸಬೇಕು?” ಎಂದು ಶಿಷ್ಯನು ಕೇಳಿದನು.

ಶಿಷ್ಯನ ಹೆಸರು ಕರಿಬಸಯ್ಯ. ಮಠದ ಸಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಅವನದು. ಗುರುಗಳು ಜಗಲಿಯಲ್ಲಿ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಯಾಕೆ ಕೇಳುತ್ತೀ?” ಎಂದರು.

“ಒಂದೇ ಅಕ್ಷರವನ್ನು ನೂರು ಸಲ ತೋರಿಸಿದ್ದೇನೆ. ಮರಳಿನ ಮೇಲೆ ಬರೆದು ತೋರಿಸಿದೆ. ಹಲಗೆಯ ಮೇಲೆ ಬರೆದು ತೋರಿಸಿದೆ. ನೂರ ಒಂದನೆಯ ಸಲ ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಬೀದಿಯಲ್ಲಿ ಬುಡುಬುಡಿಕೆಯವನು ಒಂದು ಸಲ ಅಂದು ಹೋದ ಮಾತನ್ನು ಇದೇ ಮಕ್ಕಳು ವಾರಗಟ್ಟಲೆ ಅನ್ನುತ್ತಿರುತ್ತಾರೆ. ನಾನು ಅಂಗಳಕ್ಕೆ ಬಂದರೆ ಆ ಸದ್ದೂ ನಿಲ್ಲುತ್ತದೆ. ಸಾಲೆ ಬಿಟ್ಟ ಮೇಲೆ ನನ್ನ ಹತ್ತಿರ ಯಾರೂ ನಿಲ್ಲುವುದಿಲ್ಲ. ಒಬ್ಬನೇ ಬಾಗಿಲು ಹಾಕಿಕೊಂಡು ಬರುತ್ತೇನೆ. ಇನ್ನೂ ಎಷ್ಟು ಸಲ ತೋರಿಸಲಿ?”

“ಕೂಡು” ಎಂದರು ಗುರುಗಳು. “ಒಬ್ಬ ಕುರಿಗಾಹಿ ಇದ್ದನು. ಅವನನ್ನು ಅವನ ಮಗಳಿಗೆ ಮೂರೇ ಸಲ ತೋರಿಸಿದ್ದರು. ಅಷ್ಟಕ್ಕೇ ಅವಳು ಮರೆಯಲಿಲ್ಲ.”

ಹೀಗೆ ಹೇಳಿ ಗುರುಗಳು ಕತೆ ತೊಡಗಿದರು.

ಆ ಕುರಿಗಾಹಿಯ ಹತ್ತಿರ ನೂರ ಎಪ್ಪತ್ತು ಕುರಿಗಳಿದ್ದವು. ಬೆನ್ನು ತಿರುಗಿಸಿ ಕುಳಿತಿದ್ದರೂ ಕೆಮ್ಮಿದ್ದು ಯಾವ ಕುರಿ ಎಂದು ಹೇಳುತ್ತಿದ್ದನು. ವರ್ಷದ ಹನ್ನೆರಡೂ ತಿಂಗಳು ಹಿಂಡಿನ ಹಿಂದೆಯೇ ಅವನ ಬದುಕು. ಒಂದು ಊರಿನ ಹೊಲದಲ್ಲಿ ನಾಲ್ಕು ದಿನ, ಇನ್ನೊಂದು ಊರಿನ ಹೊಲದಲ್ಲಿ ಎಂಟು ದಿನ. ಗೊಬ್ಬರಕ್ಕೆಂದು ರೈತರು ಹಿಂಡನ್ನು ನಿಲ್ಲಿಸಿಕೊಳ್ಳುತ್ತಿದ್ದರು, ಕಾಳು ಕೊಟ್ಟು ಕಳಿಸುತ್ತಿದ್ದರು.

ಮಗಳು ಹುಟ್ಟಿ ಐದು ತಿಂಗಳಿಗೆ ಹೆಂಡತಿ ತೀರಿಕೊಂಡಳು. ಹಾಲು ಕುಡಿಯುವ ಕೂಸನ್ನು ಬಿಸಿಲು ಗಾಳಿಯಲ್ಲಿ ಹಿಂಡಿನ ಸಂಗಡ ಒಯ್ಯುವಂತಿರಲಿಲ್ಲ. ಹಟ್ಟಿಯಲ್ಲಿ ಅವನ ಅಕ್ಕ ಇದ್ದಳು. ಗಂಡ ಸತ್ತವಳು, ಮಕ್ಕಳಿಲ್ಲದವಳು. ಕೂಸನ್ನು ಅವಳ ಉಡಿಯಲ್ಲಿ ಹಾಕಿದನು. ಕೂಸು ಅವನ ಬೆರಳು ಹಿಡಿದುಕೊಂಡಿತ್ತು. ಒಂದೊಂದೇ ಬೆರಳು ಬಿಡಿಸಿಕೊಂಡು ಹೊರಟನು. ಕೂಸಿನ ಹೆಸರು ಮಾಳವ್ವ.

ಅವನು ಹಟ್ಟಿಗೆ ಬರುವುದು ಅಪರೂಪ. ಹಿಂಡನ್ನು ಜೊತೆಗಾರನಿಗೆ ಒಪ್ಪಿಸಬೇಕು, ಎರಡು ದಿನ ನಡೆಯಬೇಕು, ಒಂದು ದಿನ ಇದ್ದು ಮರಳಬೇಕು. ಆದ್ದರಿಂದ ಅವನು ಬಂದಾಗಲೇ ಆಗಬೇಕಾದ ಕಾರ್ಯಗಳನ್ನು ಆಗಿಸಿಬಿಡಬೇಕೆಂದು ಹಟ್ಟಿಯ ಹಿರಿಯರು ಕಾದಿಡುತ್ತಿದ್ದರು.

ಮೊದಲನೆಯ ಸಲ ಅವನು ಬಂದಾಗ ಜವಳ. ಕೂಸಿಗೆ ಸೋದರಮಾವನಿರಲಿಲ್ಲ. ತಾಯಿಯೂ ಇಲ್ಲ. ತಂದೆಯ ತೊಡೆಯ ಮೇಲೆಯೇ ಕೂದಲು ತೆಗೆಯಬೇಕೆಂದು ಹಿರಿಯರು ಹೇಳಿದರು. ಅವನು ದಾರಿಯ ಧೂಳನ್ನೂ ತೊಳೆಯದೆ, ಹೆಗಲ ಕಂಬಳಿಯನ್ನೂ ಇಳಿಸದೆ ಕುಳಿತನು. ಕೂಸನ್ನು ತಂದು ತೊಡೆಯಲ್ಲಿಟ್ಟರು. ಕ್ಷೌರಿಕನು ತಲೆಗೆ ತಣ್ಣೀರು ಹಾಕಿ ಕತ್ತಿ ಹಿಡಿದನು. ಕೂಸು ಕಿರುಚಿತು. ಅಲುಗಿದರೆ ಕತ್ತಿ ತಗಲುತ್ತದೆಂದು ಅವನು ಎರಡೂ ತೋಳಿನಿಂದ ಅದನ್ನು ಬಿಗಿದು ಹಿಡಿದನು. ಕಾರ್ಯ ಮುಗಿಯಿತು. ಮರುದಿನ ಹೊರಟುಹೋದನು.

ಎರಡನೆಯ ಸಲ ಬಂದಾಗ ಕಿವಿ ಚುಚ್ಚಿಸಿದರು. ಚಿನ್ನದ ಕೆಲಸದ ಪತ್ತಾರನು ತಂತಿ ತಂದಿದ್ದನು. ಅವತ್ತೂ ಹಿಡಿದವನು ತಂದೆಯೇ.

ಮೂರನೆಯ ಸಲ ಅಕ್ಕನೇ ಹೇಳಿ ಕಳಿಸಿದಳು. ಸಿಡುಬು ಬರದಂತೆ ಚುಚ್ಚು ಹಾಕುವವನು ಹಟ್ಟಿಗೆ ಬರುತ್ತಾನೆ, ಕೂಸು ನನ್ನ ಕೈಗೆ ದಕ್ಕುವುದಿಲ್ಲ, ನೀನು ಬಂದು ಹಿಡಿ ಎಂದಳು. ಅವನು ಒಂದೇ ದಿನದಲ್ಲಿ ಎರಡು ದಿನದ ದಾರಿ ನಡೆದು ಬಂದನು. ಹಿಡಿದನು. ಮತ್ತೆ ಹೋದನು.

ಮಗಳ ಒಂದು ಕಾರ್ಯವನ್ನೂ ತಪ್ಪಿಸಲಿಲ್ಲ ಎಂಬ ಸಮಾಧಾನ ಅವನಿಗಿತ್ತು. ಹಟ್ಟಿಯವರೂ ಹಾಗೆಯೇ ಅನ್ನುತ್ತಿದ್ದರು. ಎಲ್ಲಿದ್ದರೂ ಓಡಿ ಬರುತ್ತಾನೆ, ತಂದೆ ಎಂದರೆ ಇವನು ಎಂದರು.

ನಾಲ್ಕನೆಯ ಸಲ ಯಾವ ಕಾರ್ಯವೂ ಇರಲಿಲ್ಲ. ಹಿಂಡು ಹಟ್ಟಿಯ ಸಮೀಪದ ದಾರಿಗೆ ಬಂದಿತ್ತು. ಮಗಳನ್ನು ಸುಮ್ಮನೆ ನೋಡಬೇಕೆಂದು ಅವನಿಗೆ ಅನಿಸಿತು. ಮಾಳವ್ವನಿಗೆ ಆಗ ಮೂರೂವರೆ ವರ್ಷ. ಅಂಗಳದಲ್ಲಿ ಕುಳಿತು ಹರಳು ಆಡುತ್ತಿದ್ದಳು. ಅವಳ ಬೆನ್ನು ಅವನ ಕಡೆಗಿತ್ತು. ಅವನು ಇನ್ನೂ ಕರೆದಿರಲಿಲ್ಲ. ಗಾಳಿ ಅವನ ಕಂಬಳಿಯ ವಾಸನೆ ಹೊತ್ತು ಅವಳ ಕಡೆಗೆ ಬೀಸಿತು.

ಅವಳ ಕೈ ನಿಂತಿತು. ತಿರುಗಿ ನೋಡಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಹಾಗೆಯೇ ಎದ್ದು ಓಡಿ ಬೀಸುವ ಕಲ್ಲಿನ ಹಿಂದೆ ಸೇರಿ ಕಿರುಚತೊಡಗಿದಳು.

ಅಕ್ಕ ಒಳಗಿನಿಂದ ಓಡಿ ಬಂದಳು. “ಏನ್ ಮಾಡಿದ್ಯೋ ಕೂಸಿಗೆ?”

“ಏನೂ ಮಾಡಿಲ್ಲಕ್ಕ. ಇನ್ನಾ ಮುಟ್ಟೂ ಇಲ್ಲ.”

ಪಕ್ಕದ ಮನೆಯ ಮುದುಕಿ ಗೋಡೆಯ ಮೇಲಿಂದ ಇಣುಕಿ ನಕ್ಕಳು. “ತ್ವಾಳ ಬಂದಂಗ ಬಂದೀಯಲ್ಲೋ ತಮ್ಮಾ. ನೂರಾ ಎಪ್ಪತ್ತು ಕುರಿ ನಿನಗ ಹೆದರಂಗಿಲ್ಲ, ಹೆತ್ತ ಮಗಳು ಹೆದರತಾಳ.”

ಅವನೂ ನಗಬೇಕೆಂದು ನೋಡಿದನು. ಆಗಲಿಲ್ಲ.

ಮಗಳು ತನ್ನನ್ನು ಮರೆತಿದ್ದಾಳೆ ಎಂದು ಅವನು ತಿಳಿದನು. ಮೂರು ಸಲ ನೋಡಿದರೆ ಎಲ್ಲಿ ನೆನಪಿರುತ್ತದೆ? ಹೆಚ್ಚು ನೋಡಿದರೆ ತಾನಾಗಿ ಹೊಂದಿಕೊಳ್ಳುತ್ತಾಳೆ ಎಂದುಕೊಂಡನು. ಹಿಂಡನ್ನು ಪೂರ್ತಿ ಜೊತೆಗಾರನಿಗೆ ಬಿಟ್ಟು ಒಂದು ತಿಂಗಳು ಹಟ್ಟಿಯಲ್ಲಿ ನಿಂತನು.

ದಿನವೂ ಅವಳ ಎದುರಿಗೆ ಕೂಡುತ್ತಿದ್ದನು. ಅವಳು ಜಾಗ ಬದಲಿಸಿದರೆ ಅವನೂ ಬದಲಿಸುತ್ತಿದ್ದನು. ಸಂತೆಯಿಂದ ಪುಟಾಣಿ ಬೆಲ್ಲ ತಂದನು, ಬಳೆ ತಂದನು. ಅತ್ತೆಯಾದ ಅಕ್ಕನ ಕೈಯಿಂದ ಕೊಡಿಸಿದರೆ ಅವಳು ತಿನ್ನುತ್ತಿದ್ದಳು. ಅದೇ ಬೆಲ್ಲ ಅವನ ಕೈಯಲ್ಲಿದ್ದರೆ ಅತ್ತ ನೋಡುತ್ತಲೂ ಇರಲಿಲ್ಲ. ಒಂದು ದಿನ ಅವನಿಗೆ ತಡೆಯಲಿಲ್ಲ. ಒಂದು ಸಲ ಎತ್ತಿಕೊಂಡರೆ ಅಂಜಿಕೆ ಹೋಗುತ್ತದೆ ಎಂದು ಹಿಂದಿನಿಂದ ಹೋಗಿ ಎತ್ತಿಕೊಂಡುಬಿಟ್ಟನು. ಅವಳು ಕಿರುಚಲಿಲ್ಲ. ಕಟ್ಟಿಗೆಯ ಹಾಗೆ ಬಿರುಸಾದಳು. ಅವನ ತೋಳಿನ ಮೇಲೆಯೇ ಉಚ್ಚೆ ಹೊಯ್ದುಕೊಂಡಳು. ಸಂಜೆಗೆ ಅವಳಿಗೆ ಜ್ವರ ಬಂತು.

ತಿಂಗಳ ಕೊನೆಗೆ ಅಕ್ಕ ಅವನಿಗೆ ರೊಟ್ಟಿ ಬುತ್ತಿ ಕಟ್ಟಿ ಮುಂದಿಟ್ಟಳು.

“ಸಿಟ್ಟಾಗಬ್ಯಾಡ ತಮ್ಮಾ. ನೀ ಹೋಗು. ನೀ ಇದ್ದಷ್ಟು ದಿವಸ ಕೂಸು ಉಣ್ಣವೊಲ್ದು, ನಿದ್ದಿ ಮಾಡವೊಲ್ದು.”

ಅವನು ಬುತ್ತಿ ತೆಗೆದುಕೊಂಡು ಹೊರಟನು. ಹಿಂಡಿನ ಹತ್ತಿರ ಬರುವಾಗ ಕುರಿಗಳು ಅವನ ವಾಸನೆಯನ್ನು ದೂರದಿಂದಲೇ ಹಿಡಿದವು. ಮೇಯುವುದನ್ನು ಬಿಟ್ಟು ಕೂಗುತ್ತ ಬಂದು ಸುತ್ತ ನಿಂತವು. ನೂರ ಎಪ್ಪತ್ತು ತಲೆಗಳ ನಡುವೆ ನಿಂತು ಅವನು ಮುಖದ ಮೇಲೆ ಕಂಬಳಿ ಎಳೆದುಕೊಂಡನು.

ಅದಾದ ಮೇಲೆ ಕುರಿಗಳು ಈಯುವ ಕಾಲ ಬಂತು. ಒಂದು ಚೊಚ್ಚಲ ಕುರಿ ಮಳೆಯಲ್ಲಿ ಈದಿತು. ತಾಯಿ ನೆಕ್ಕುವುದರೊಳಗೆ ಮರಿಯ ಮೈಯನ್ನು ಮಳೆ ತೊಳೆದುಬಿಟ್ಟಿತು. ತಾಯಿ ಮೂಸಿ ನೋಡಿತು. ತನ್ನದಲ್ಲ ಎಂದು ಒದ್ದಿತು.

ಕುರಿಗಾಹಿ ಆ ಕುರಿಯ ಕುತ್ತಿಗೆಯನ್ನು ಮೊಣಕಾಲಲ್ಲಿ ಅದುಮಿ ಹಿಡಿದು ಮರಿಯನ್ನು ಕೆಚ್ಚಲಿಗೆ ಹಚ್ಚಿದನು. ದಿನಕ್ಕೆ ನಾಲ್ಕು ಸಲ ಹಾಗೆ ಮಾಡಿದನು. ಮೊದಲು ಮರಿ ಹತ್ತಿರ ಬಂದರೆ ಒದೆಯುತ್ತಿದ್ದ ಕುರಿ ಈಗ ದೂರದಲ್ಲಿ ಅದರ ವಾಸನೆ ಬಂದರೂ ತಲೆ ತಗ್ಗಿಸಿ ಹಾಯಲು ಬರುತ್ತಿತ್ತು.

ಅದೇ ದಾರಿಯಲ್ಲಿ ತನ್ನ ಹಿಂಡು ಹೊಡೆದುಕೊಂಡು ಬಂದಿದ್ದ ಒಬ್ಬ ಮುದಿ ಕುರಿಗಾಹಿ ಇದನ್ನು ನೋಡಿದನು.

“ಬಿಡೋ ಅದನ್ನ. ಇನ್ನೊಂದು ಸಲ ಹಿಂಗ ಹಿಡಿದ್ಯಂದ್ರ ಮರೀನ ಕೊಂದು ಹಾಕತೈತಿ ಅದು.”

“ಮತ್ತೇನ್ ಮಾಡ್ಲಿ ಕಾಕಾ? ಹಡೆದ ಮರೀನ ಮರತೈತಿ. ನಾ ತೋರಿಸೇ ತೋರಿಸಾಕತ್ತೀನಿ.”

“ಮರತಿಲ್ಲೋ ಹುಚ್ಚಾ. ಛಲೋ ನೆನಪೈತಿ. ಈ ವಾಸನಿ ಬಂದಾಗೆಲ್ಲಾ ಕುತಗಿ ಹಿಚಕತಾರ ಅಂತ ನೆನಪೈತಿ.”

ಕುರಿಗಾಹಿಯ ಕೈ ಸಡಿಲವಾಯಿತು. ಕುರಿ ಬಿಡಿಸಿಕೊಂಡು ಓಡಿತು.

ಮುದುಕನು ಅವತ್ತು ಆ ಕುರಿಯ ಹಾಲು ಕರೆಯಗೊಡಲಿಲ್ಲ. ಸಂಜೆಯ ಹೊತ್ತಿಗೆ ಕೆಚ್ಚಲು ಬಿಗಿದು ಕುರಿ ಕಾಲು ಅಗಲಿಸಿ ನಿಂತಿತು. ನೋವಿಗೆ ಮೇಯಲೂ ಇಲ್ಲ. ಆಗ ಮುದುಕನು ಮರಿಯನ್ನು ಹಿಂದಿನಿಂದ ತಂದು ಬಿಟ್ಟನು. ಕುರಿಯನ್ನು ಮುಟ್ಟಲಿಲ್ಲ. ತಾನು ಹತ್ತು ಹೆಜ್ಜೆ ಆಚೆ ಹೋಗಿ ನಿಂತನು. ಹಸಿದ ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಒದೆಯಲೆಂದು ಎತ್ತಿದ ಕಾಲು ನಡುವೆ ನಿಂತಿತು. ಹಾಲು ಇಳಿದ ಹಾಗೆ ನೋವೂ ಇಳಿಯಿತು. ಕುರಿ ಕಾಲು ಕೆಳಗಿಟ್ಟು ಕುತ್ತಿಗೆ ತಿರುಗಿಸಿ ಮರಿಯ ಬಾಲವನ್ನು ಮೂಸಿತು. ನಾಲ್ಕು ದಿನ ಹೀಗಾಯಿತು. ಐದನೆಯ ದಿನ ಮರಿ ಕಾಣದಿದ್ದಾಗ ಕುರಿಯೇ ಕೂಗಿ ಕರೆಯಿತು.

ಕುರಿಗಾಹಿ ಬದುವಿನ ಮೇಲೆ ಕುಳಿತು ಬೆರಳು ಮಡಚಿದನು. ಕತ್ತಿ ಒಂದು, ತಂತಿ ಎರಡು, ಚುಚ್ಚು ಮೂರು. ಕಿರುಚಿ ಓಡುವ ಮೊದಲು ಮಗಳು ತನ್ನನ್ನು ಕಂಡ ದಿನಗಳು ಅಷ್ಟೇ. ಬೇರೆ ದಿನ ಹುಡುಕಿದನು. ನಾಲ್ಕನೆಯ ಬೆರಳಿಗೆ ಅವನಲ್ಲಿ ದಿನವಿರಲಿಲ್ಲ.

ಮರುದಿನ ಹಟ್ಟಿಯ ಕಡೆ ಹೋಗುವ ಒಬ್ಬನು ಸಿಕ್ಕನು. ಕುರಿಗಾಹಿ ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಅವನ ಕೈಯಲ್ಲಿಟ್ಟನು.

“ಇದನ್ನ ಅಕ್ಕಗ ಕೊಡು. ತೊಳೀಬ್ಯಾಡ ಅಂತ ಹೇಳು. ಬಿಸಲಿಗೂ ಹಾಕಬ್ಯಾಡ ಅಂತ ಹೇಳು. ಕೂಸು ಉಣ್ಣೂ ಹೊತ್ತಿನ್ಯಾಗ, ಆಡೂ ಹೊತ್ತಿನ್ಯಾಗ ಅಷ್ಟು ದೂರ ಇಟ್ಟಿರಲಿ. ದಿನಕ್ಕೊಂದು ಗೇಣು ಹತ್ರ ತರಲಿ. ಅಂಜಿದ್ರ ಎರಡು ಗೇಣು ಹಿಂದಕ್ಕ ಒಯ್ಯಲಿ. ನಂದಂತ ಮಾತ್ರ ಹೇಳಬ್ಯಾಡ.”

“ನೀ ಯಾವಾಗ ಬರತಿ ಅಂದ್ರ?”

“ನಾ ಬರಂಗಿಲ್ಲ ಅಂತ ಹೇಳು. ಅಕ್ಕ ಕರೆಯೂ ತನಕ ಬರಂಗಿಲ್ಲ.”

ಅಕ್ಕ ಅವನು ಹೇಳಿದಂತೆಯೇ ಮಾಡಿದಳು. ಮೊದಲ ದಿನ ಕಂಬಳಿಯನ್ನು ಅಂಗಳದ ಆಚೆಯ ಕಬ್ಬಿಣದ ಗೂಟಕ್ಕೆ ಹಾಕಿದಳು. ಮಾಳವ್ವ ಅಂಗಳಕ್ಕೆ ಇಳಿಯಲಿಲ್ಲ, ಹೊಸ್ತಿಲೊಳಗೆ ಕುಳಿತು ಉಂಡಳು. ಅಕ್ಕ ಬೆಲ್ಲ ಹಾಕಿದ ಹಾಲು ಕೊಟ್ಟಳು, ಹಾಡು ಹೇಳಿದಳು. ಕಂಬಳಿಯ ಕಡೆ ಕೈ ತೋರಿಸಲೂ ಇಲ್ಲ, ಅದರ ಮಾತು ಎತ್ತಲೂ ಇಲ್ಲ. ದಿನಕ್ಕೆ ಒಂದು ಗೇಣು. ಕೆಲವು ದಿನ ಗೇಣಿನಷ್ಟೂ ಆಗುತ್ತಿರಲಿಲ್ಲ. ಒಂದು ವಾರ ಪೂರ್ತಿ ಹಿಂದಕ್ಕೇ ಹೋಯಿತು.

ಉಣ್ಣೆಯ ವಾಸನೆ ಬಹಳ ದಿನ ನಿಲ್ಲುವುದಿಲ್ಲ. ಅದನ್ನು ಬಲ್ಲ ಕುರಿಗಾಹಿ ಇನ್ನೊಂದು ಕಂಬಳಿ ಕೊಂಡು ಹೊದ್ದನು. ಹೊಸ ಕಂಬಳಿ ಹುಣಸೆಬೀಜದ ಗಂಜಿಯಿಂದ ಬಿರುಸಾಗಿತ್ತು. ಅದು ಮೈಗೆ ಹೊಂದಿ ಮೃದುವಾಗುವ ಹೊತ್ತಿಗೆ ಹಟ್ಟಿಗೆ ಕಳಿಸುತ್ತಿದ್ದನು, ಅಲ್ಲಿಯದನ್ನು ತರಿಸಿಕೊಳ್ಳುತ್ತಿದ್ದನು. ಮರಳಿ ಬಂದ ಕಂಬಳಿಯನ್ನು ಮುಖಕ್ಕೆ ಹಿಡಿದು ನೋಡುತ್ತಿದ್ದನು. ಮೊದಲ ಸಲ ಅದರಲ್ಲಿ ಗೂಟದ ತುಕ್ಕು ಮಾತ್ರ ಇತ್ತು. ಎರಡನೆಯ ಸಲ ಒಲೆಯ ಹೊಗೆ ಇತ್ತು. ಒಳಗೆ ಬಂದಿದೆ ಎಂದು ತಿಳಿದುಕೊಂಡನು. ಮೂರನೆಯ ಸಲ ಅದರ ಅಂಚಿಗೆ ಅನ್ನದ ಅಗುಳು ಒಣಗಿ ಅಂಟಿತ್ತು. ಅದನ್ನು ಅವನು ಕೆರೆದು ತೆಗೆಯಲಿಲ್ಲ.

ಅಲ್ಲಿ ಅವನ ಕಂಬಳಿ ಮಗಳ ಹತ್ತಿರ ಹೋಗುತ್ತಿತ್ತು. ಇವನು ಹಿಂಡಿನ ಹಿಂದೆ ದೂರ ಹೋಗುತ್ತಿದ್ದನು. ದಾರಿಯಲ್ಲಿ ಸಿಕ್ಕವರು ಕೇಳಿದರೆ ಮಗಳು ಚೆನ್ನಾಗಿದ್ದಾಳೆ ಎನ್ನುತ್ತಿದ್ದನು. ಎಷ್ಟು ಎತ್ತರವಾಗಿದ್ದಾಳೆ ಎಂದು ಕೇಳಿದರೆ ಕೈ ಎತ್ತಿ ತೋರಿಸಲು ಅವನಿಗೆ ತಿಳಿಯುತ್ತಿರಲಿಲ್ಲ.

ಹಟ್ಟಿಯಲ್ಲಿ ಒಂದು ದಿನ ಜಡಿಮಳೆ ಹಿಡಿಯಿತು. ಮಾಳವ್ವ ಅತ್ತೆಯ ತೊಡೆಯ ಮೇಲೆ ನಡುಗುತ್ತಿದ್ದಳು. ಕಂಬಳಿ ಆಗ ಒಂದು ಮೊಳದ ದೂರದಲ್ಲಿತ್ತು. ಅವಳೇ ಕೈ ಚಾಚಿ ಅದರ ಚುಂಗು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ತೊಡೆಯಿಂದ ಇಳಿದು ಅದರ ಮೇಲೆ ಮಲಗಿದಳು. ಅಂದಿನಿಂದ ಅದಿಲ್ಲದೆ ಮಲಗಲಿಲ್ಲ. ಬರಿದಾದ ತೊಡೆಯನ್ನು ಅತ್ತೆ ಒಮ್ಮೆ ಸವರಿಕೊಂಡಳು. ತಮ್ಮನಿಗೆ ಬಾ ಎಂದು ಹೇಳಿ ಕಳಿಸಿದಳು.

ಅವನು ಬಂದನು. ಹೋಗಿ ಹನ್ನೊಂದು ತಿಂಗಳಾಗಿತ್ತು. ಹಟ್ಟಿಯ ಹೊರಗಿನ ಬಾವಿಯ ಹತ್ತಿರ ಮುಖ ತೊಳೆಯಲು ಬಗ್ಗಿದವನು ಮಳೆಯಲ್ಲಿ ತೊಯ್ದ ಮರಿಯನ್ನು ನೆನೆದು ಹಾಗೆಯೇ ಎದ್ದನು. ಅಂಗಳದ ಅಂಚಿಗೆ ಹೋಗಿ ಮನೆಗೆ ಬೆನ್ನು ಮಾಡಿ ಕುಳಿತನು. ಕರೆಯಲಿಲ್ಲ. ತಿರುಗಿ ನೋಡಲಿಲ್ಲ.

ಬಹಳ ಹೊತ್ತಿನ ಮೇಲೆ ಹಿಂದೆ ಚಿಕ್ಕ ಹೆಜ್ಜೆಯ ಸದ್ದಾಯಿತು. ನಿಂತಿತು. ಮತ್ತೆ ಬಂತು. ಹಟ್ಟಿಯಲ್ಲಿದ್ದು ಮರಳಿ ಬಂದಿದ್ದ ಅವನ ಹೆಗಲ ಕಂಬಳಿಯನ್ನು ಒಂದು ಕೈ ಮುಟ್ಟಿತು. ಆಮೇಲೆ ಒಂದು ಕೆನ್ನೆ ಅದಕ್ಕೆ ಒರಗಿತು. ಅವನು ಉಸಿರನ್ನು ಮೆಲ್ಲಗೆ ಬಿಟ್ಟನು.

“ಇದು ನಂದು” ಎಂದಳು ಮಾಳವ್ವ.

“ಹೂಂ. ನಿಂದ.”

“ಮತ್ತ ನೀ ಯಾಕ ಹೊತ್ತೀದಿ?”

“ಇಟ್ಟಿಟ್ಟು ತಣ್ಣಗಾಗಿತ್ತು. ಬೆಚ್ಚಗ ಮಾಡಿ ಕೊಡೂಣು ಅಂತ.”

ಅವಳು ಸ್ವಲ್ಪ ಯೋಚಿಸಿದಳು. ಸುತ್ತಿ ಮುಂದೆ ಬಂದು ಅವನ ತೊಡೆಯ ಮೇಲೆ, ಕಂಬಳಿಯ ಮಡಿಕೆಯಲ್ಲಿ, ಅವನ ಮುಖ ನೋಡದೆ ಕುಳಿತುಕೊಂಡಳು. ಅಕ್ಕ ಬಾಗಿಲಲ್ಲಿ ನಿಂತು, “ನಿಮ್ಮಪ್ಪನವ್ವಾ ಅಂವ” ಎಂದಳು. ಮಾಳವ್ವ ಕೇಳಿದಳು. ಆದರೆ ಆ ಹೆಸರಿನಿಂದ ಅವನನ್ನು ಕರೆಯಲಿಲ್ಲ. ಅವತ್ತೂ ಕರೆಯಲಿಲ್ಲ, ಮರುದಿನವೂ ಕರೆಯಲಿಲ್ಲ. ಹತ್ತಿರ ಬರುತ್ತಿದ್ದಳು, ಕೂಡುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಅವನಿಗೆ ಅಷ್ಟೇ ಬಹಳವಾಗಿತ್ತು. ಆದರೂ ಆ ಒಂದು ಮಾತಿಗೆ ಅವನ ಕಿವಿ ಕಾಯುತ್ತಿತ್ತು.

ನಾಲ್ಕನೆಯ ದಿನ ಮಾಳವ್ವನ ಅಂಗಾಲಿಗೆ ಜಾಲಿಯ ಮುಳ್ಳು ಮುರಿಯಿತು. ಅವಳು ಹೇಳಲಿಲ್ಲ. ಎರಡು ದಿನದಲ್ಲಿ ಕಾಲು ಬಾತು ಕೀವಾಯಿತು. ಮುಳ್ಳು ತೆಗೆಯುವುದರಲ್ಲಿ ಕೈ ಪಳಗಿದ ಹಿರಿಯನೊಬ್ಬನು ಚಿಮಟ ಹಿಡಿದು ಬಂದನು. ನೋಡಿ ಹೇಳಿದನು:

“ಒಳಗ ಹೋಗೇತಿ. ಕೊಯ್ದ ತಗೀಬೇಕು. ಛಲೋ ಆತು, ಅಪ್ಪ ಇದ್ದಾನ. ಬಿಗಿಯಾಗಿ ಹಿಡಕೋ ಬಾರಪಾ.”

ಕುರಿಗಾಹಿ ತನ್ನ ಎರಡೂ ತೋಳನ್ನು ನೋಡಿಕೊಂಡನು.

“ಅಕ್ಕಾ, ನೀ ಹಿಡಿ” ಎಂದನು.

“ನೀ ಇರೂವಾಗ ನಾ ಯಾಕ? ನನ್ನ ಕೈಯಾಗ ನಿಲ್ಲತಾಳೇನು?”

“ಹೆಂಗರ ಹಿಡಿ. ನಾ ಹಿಡಿಯಂಗಿಲ್ಲ.”

ಅಕ್ಕ ಅವನ ಮುಖವನ್ನು ನೋಡಿದಳು. ಅವಳಿಗೆ ತಿಳಿಯಿತು. “ಅಂದ್ರ ಈ ಸಲದ ಪಾಳಿ ನಂದು” ಎಂದಳು.

“ಹೌದಕ್ಕ.”

ಅವಳು ಸೆರಗು ಸಿಕ್ಕಿಸಿಕೊಂಡು ಕೂಸನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡಳು.

ಅವನು ಹೊರಗೆ ಹೋಗಿ ಗೋಡೆಯ ಆಚೆ ನಿಂತನು. ಒಳಗೆ ಕಿರುಚಾಟ ಎದ್ದಿತು. “ಅತ್ತೀ, ಬಿಡು, ಅತ್ತೀ” ಎಂದು ಕೂಗಿದಳು. ಹಿಡಿದವಳೇ ಅತ್ತೆ. ಬಿಡಲಿಲ್ಲ. ಆಮೇಲೆ ಅವಳು ಮತ್ತೊಂದು ಹೆಸರು ಹಿಡಿದು ಕೂಗಿದಳು.

“ಅಪ್ಪಾ!”

ಅವನ ಕಾಲು ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ನಿಂತಿತು. ಈಗ ಒಳಗೆ ಹೋದರೆ ಕೈ ಹಿಡಿದುಕೋ ಎನ್ನುತ್ತಾರೆ. ಅವನು ಹಣೆಯನ್ನು ಗೋಡೆಗೆ ಹಚ್ಚಿದನು. ನಾಲ್ಕೂವರೆ ವರ್ಷ ಕಾದಿದ್ದ ಮಾತು. ಅದು ಎರಡನೆಯ ಸಲ ಬಂತು, ಮೂರನೆಯ ಸಲ ಬಂತು. ಅವನು ಗೋಡೆಯನ್ನು ಬಿಡಲಿಲ್ಲ.

“ಬಂತು, ಬಂತು, ಮುಳ್ಳು ಬಂತು” ಎಂದನು ಹಿರಿಯನು.

ಆಗ ಅವನು ಓಡಿದನು. ಮಾಳವ್ವ ಅತ್ತೆಯ ಎದೆಯನ್ನು ಎರಡೂ ಕೈಯಿಂದ ದೂಡಿ ಅವನ ಕಡೆ ಹಾರಿದಳು. ಅವನು ಎತ್ತಿಕೊಂಡನು, ಬಿಗಿದು ಹಿಡಿಯಲಿಲ್ಲ. ಅವಳೇ ಬಿಗಿದು ಹಿಡಿದಳು. ಅವನ ಹೆಗಲಲ್ಲಿ ಮುಖವಿಟ್ಟು ಬಿಕ್ಕುತ್ತ ಬಿಕ್ಕುತ್ತ ಅಲ್ಲಿಯೇ ನಿದ್ದೆ ಹೋದಳು.

ಅಕ್ಕ ಮೂಲೆಯಲ್ಲಿ ಕೈ ತೊಳೆದುಕೊಂಡಳು. ತೊಳೆದ ಮೇಲೂ ಬಹಳ ಹೊತ್ತು ನೀರಿನ ಹತ್ತಿರವೇ ನಿಂತಿದ್ದಳು. ಮಧ್ಯಾಹ್ನ ಅವಳು ತುತ್ತು ಹಿಡಿದು ಬಂದರೆ ಮಾಳವ್ವ ಬಾಯಿ ಬಿಗಿಹಿಡಿದು ಮುಖ ತಿರುಗಿಸಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟರು.

ಶಿಷ್ಯನು ಸಂಕಟದಿಂದ ಕೇಳಿದನು: “ಗುರುಗಳೇ, ಆ ಅಕ್ಕನದು ಏನು ತಪ್ಪಿತ್ತು? ಅವಳ ಗತಿ ಏನಾಯಿತು?”

“ತಪ್ಪಿರಲಿಲ್ಲ. ಆದರೆ ನೋಯುವಾಗ ಯಾರಾದರೂ ಹಿಡಿಯಲೇಬೇಕಲ್ಲ. ಎರಡು ದಿನ ಕೂಸು ಅವಳ ಹತ್ತಿರ ಹೋಗಲಿಲ್ಲ. ಮೂರನೆಯ ದಿನ ಹಸಿವಾದಾಗ ಹೋಗಿ ಅವಳ ಸೆರಗನ್ನೇ ಹಿಡಿಯಿತು. ಅಷ್ಟು ವರ್ಷ ಉಣಿಸಿದ ಕೈ. ಒಂದು ಮುಳ್ಳು ಅದನ್ನು ಎಷ್ಟು ದಿನ ಮರೆಸೀತು?”

ಶಿಷ್ಯನ ಮುಖ ಹಗುರಾಯಿತು. “ಹಾಗಾದರೆ ನನ್ನ ದಾರಿಯೇ ಸರಿ ಗುರುಗಳೇ. ಮತ್ತೆ ಮತ್ತೆ ತೋರಿಸಿದ್ದೇ ಕೊನೆಗೆ ನಿಲ್ಲುತ್ತದೆ. ನಾನು ನೂರು ಸಲ ತೋರಿಸಿದ್ದು ಸುಳ್ಳಾಗಲಿಲ್ಲ.”

ಗುರುಗಳು ಇನ್ನೊಂದು ಎಳೆ ಹತ್ತಿ ತೆಗೆದುಕೊಂಡರು.

“ಕರಿಬಸಯ್ಯ, ಆ ನೂರು ಸಲ ಮಕ್ಕಳು ಕಂಡದ್ದು ನಿನ್ನ ಬಲಗೈ ಬರೆದ ಅಕ್ಷರವನ್ನೋ, ಎಡಗೈ ಹಿಡಿದ ಬೆತ್ತವನ್ನೋ?”

ಶಿಷ್ಯನು ತನ್ನ ಎಡಗೈಯನ್ನು ನೋಡಿಕೊಂಡನು.